ಸತ್ತಿದ್ದು ಮಾನವೀಯತೆಯಲ್ಲ

ಹೋದ ಬೇಸಿಗೆಯಲ್ಲಿ ತಿಪಟೂರಿನಿಂದ ಅರಸೀಕೆರೆ ಕಡೆಗೆ ಹೋಗುತ್ತಿದ್ದಾಗ ನನ್ನ ಕಣ್ಣೆದುರೇ ಒಂದು ಬೈಕು ಬಿತ್ತು. ಮಧ್ಯಾಹ್ನ ಎರಡರ ಸುಮಾರು. ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋದ ಹುಡುಗ ರಸ್ತೆಯಂಚಿನ ಜಲ್ಲಿಯ ಮೇಲೆ ಜಾರಿ, ಬೈಕಿನ ಸಮೇತ ಹತ್ತು ಮಾರು ದೂರ ಉಜ್ಜಿಕೊಂಡು ಹೋದ. ನಾನು ಕಾರು ನಿಲ್ಲಿಸಿ ಇಳಿದು ಹೋಗುವಷ್ಟರಲ್ಲಿ, ರಸ್ತೆ ಪಕ್ಕ ಎಳನೀರು ಮಾರುತ್ತಿದ್ದ ಹೆಂಗಸು ಮಚ್ಚನ್ನು ಅಲ್ಲೇ ಬಿಸಾಕಿ ಓಡಿ ಬಂದಿದ್ದಳು. ಹುಡುಗನ ಮೊಣಕಾಲಿನ ಮೇಲೆ ಸೀಳಿಕೊಂಡ ಜಾಗದಿಂದ ರಕ್ತ ಒಂದೇ ಸಮನೆ ಬರುತ್ತಿತ್ತು. ಬಿಸಿಲಿಗೆಂದು ತಲೆಗೆ ಸುತ್ತಿಕೊಂಡಿದ್ದ ಟವೆಲನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಅಲ್ಲಿಗೆ ಒತ್ತಿ, ನನ್ನ ಕಡೆ ನೋಡಿ, “ಅಣ್ಣಾ, ಇಲ್ಲಿ ಅದುಮಿ ಹಿಡ್ಕಳಿ. ಕೈ ಬಿಡ್‌ಬ್ಯಾಡಿ” ಎಂದಳು. ಹಿಡಿದುಕೊಂಡೆ. ಅವಳು ಅವನ ತಲೆಯನ್ನು ಅಲುಗಾಡದಂತೆ ಎರಡೂ ಕೈಯಲ್ಲಿ ಹಿಡಿದು, ಹೆಸರೇನು, ಯಾವೂರು, ಊಟ ಮಾಡಿದ್ಯಾ ಎಂದು ಕೇಳುತ್ತಲೇ ಇದ್ದಳು. ಅವನು ಕಣ್ಣು ಮುಚ್ಚದಂತೆ ಮಾತಾಡಿಸುತ್ತಿದ್ದಾಳೆ ಎಂದು ನನಗೆ ಆಮೇಲೆ ಹೊಳೆಯಿತು.

ಕೊಬ್ಬರಿ ಚೀಲ ಹೇರಿಕೊಂಡು ಬಂದ ಗೂಡ್ಸ್ ಆಟೋದವನು ನಿಲ್ಲಿಸಿದ. ಯಾರೂ ಹೇಳುವ ಮೊದಲೇ ಚೀಲಗಳನ್ನು ರಸ್ತೆ ಪಕ್ಕಕ್ಕೆ ಇಳಿಸತೊಡಗಿದ. ಇನ್ನಿಬ್ಬರು ಕೈಜೋಡಿಸಿದರು. ಒಬ್ಬರು 108ಕ್ಕೆ ಫೋನು ಮಾಡುತ್ತಿದ್ದರು. ಕಾಲೇಜು ಹುಡುಗಿಯೊಬ್ಬಳು ಬಿದ್ದವನ ಮೊಬೈಲು ಎತ್ತಿಕೊಂಡು, ಅವನ ಬೆರಳನ್ನೇ ಅದಕ್ಕೆ ಒತ್ತಿಸಿ ತೆರೆದು, ‘ಅಮ್ಮ’ ಎಂದಿದ್ದ ನಂಬರಿಗೆ ಕರೆ ಮಾಡಿದಳು. ಆಂಬುಲೆನ್ಸು ಬರುವುದಕ್ಕೆ ಇಪ್ಪತ್ತು ನಿಮಿಷವಾಗಬಹುದೆಂದು ಗೊತ್ತಾದಾಗ ಆಟೋದಲ್ಲಿ ಗೋಣಿಚೀಲ ಹಾಸಿ, ಐದು ಜನ ಸಮನಾಗಿ ಹಿಡಿದು ಮಲಗಿಸಿದೆವು. ಸಾವಿರಾರು ರೂಪಾಯಿಯ ಕೊಬ್ಬರಿ ರಸ್ತೆ ಬದಿಯಲ್ಲೇ ಉಳಿಯಿತು. ಸಂಜೆ ಆಟೋದವನು ಹಿಂತಿರುಗುವ ತನಕ ಅದನ್ನು ಕಾದವಳೂ ಆ ಹೆಂಗಸೇ.

ಅದೇ ರಾತ್ರಿ ವಾಟ್ಸಾಪಿನಲ್ಲಿ ಆ ಅಪಘಾತದ ವಿಡಿಯೋ ಬಂತು. ಅರ್ಧ ನಿಮಿಷದ್ದು. ರಸ್ತೆಯ ಆಚೆ ಬದಿಯಿಂದ ತೆಗೆದದ್ದು. ಸುತ್ತ ನಿಂತವರ ಬೆನ್ನು, ಬಿದ್ದ ಬೈಕಿನ ಚಕ್ರ, ಇಷ್ಟೇ ಕಾಣುತ್ತಿತ್ತು. ಕೆಳಗೆ ಬರೆದಿತ್ತು: “ನೋಡುತ್ತಾ ನಿಂತ ಜನ. ಮಾನವೀಯತೆ ಸತ್ತಿದೆ.” ಕೈಮುಗಿದ ಚಿತ್ರಗಳ, ಕಣ್ಣೀರಿನ ಚಿತ್ರಗಳ ಸಾಲು. ನನಗೆ ತುಂಬ ಬೇಕಾದವರೇ ಒಬ್ಬರು, ಓದಿಕೊಂಡವರು, “ಕಲಿಗಾಲ ಅಂದರೆ ಇದೇ” ಎಂದು ಬರೆದಿದ್ದರು.

ಈ ಮಾತನ್ನು ಎದುರಿಸುವ ಸಲುವಾಗಿಯೇ ನಾನು ಬರೆಯುತ್ತಿದ್ದೇನೆ. ಮಾನವೀಯತೆ ಸತ್ತಿದೆ, ಯಾರೂ ಯಾರಿಗೂ ಆಗುವುದಿಲ್ಲ, ಕಾಲ ಕೆಟ್ಟಿದೆ. ಟಿ.ವಿ. ನಿರೂಪಕರಿಂದ ಹಿಡಿದು ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರ ತನಕ ಎಲ್ಲರೂ ಇದನ್ನು ನಿಜವೆಂದೇ ತಿಳಿದು ಹೇಳುತ್ತಾರೆ. ಹೇಳುವವರಲ್ಲಿ ಬಹುಪಾಲು ಒಳ್ಳೆಯ ಜನ, ನೊಂದು ಹೇಳುವ ಜನ. ಆದರೂ ಇದು ಸುಳ್ಳು. ಬರೀ ಸುಳ್ಳಾಗಿದ್ದರೆ ಬಿಟ್ಟುಬಿಡಬಹುದಿತ್ತು. ಈ ಸುಳ್ಳಿನಿಂದ ಜನ ಸಾಯುತ್ತಾರೆ.

ಮೊದಲು ಆ ವಿಡಿಯೋಗಳ ಮಾತು ಆಡೋಣ. ಅಪಘಾತದ ಜಾಗದಲ್ಲಿ ಚಿತ್ರ ತೆಗೆಯುವವರು ಯಾರು? ಕೈ ಬಿಡುವಾಗಿರುವವರು. ಗಾಯ ಅದುಮಿ ಹಿಡಿದವನಿಗೆ, ಚೀಲ ಇಳಿಸುವವನಿಗೆ, ತಲೆ ಹಿಡಿದು ಕೂತವಳಿಗೆ ಚಿತ್ರ ತೆಗೆಯಲು ಆಗುವುದಿಲ್ಲ. ಹಾಗಾಗಿ ನಮ್ಮ ಮೊಬೈಲಿಗೆ ಬರುವ ಪ್ರತಿಯೊಂದು ಅಪಘಾತವನ್ನೂ ನಾವು ನೋಡುವುದು ಸಹಾಯ ಮಾಡದೆ ನಿಂತವನ ಕಣ್ಣಿನಿಂದ. ಅವನು ನಿಂತ ಜಾಗದಿಂದ ಕಾಣುವುದು ಬೆನ್ನುಗಳೇ. ಆ ಬೆನ್ನುಗಳ ಒಳಗೆ ಏನು ನಡೆಯುತ್ತಿತ್ತು ಎಂಬುದು ಚಿತ್ರದಲ್ಲಿ ಬರುವುದಿಲ್ಲ. ಹತ್ತು ವರ್ಷಗಳಿಂದ ಇಂಥ ಸಾವಿರ ಚಿತ್ರ ನೋಡಿದ ಸಮಾಜ, ಜನ ಕಲ್ಲಾಗಿದ್ದಾರೆ ಎಂದು ನಂಬಿದರೆ ಅದರಲ್ಲಿ ಅಚ್ಚರಿಯೇನಿಲ್ಲ. ನಂಬಿದ್ದು ಮಾತ್ರ ತಪ್ಪು.

ಇದು ಮೊಬೈಲು ಬಂದ ಮೇಲೆ ಶುರುವಾದ ರೋಗವೂ ಅಲ್ಲ. 1964ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾಯಿತು. ಅಕ್ಕಪಕ್ಕದ ಮನೆಗಳ 38 ಮಂದಿ ಕಿಟಕಿಯಲ್ಲಿ ನಿಂತು ನೋಡಿದರು, ಒಬ್ಬರೂ ಪೊಲೀಸರಿಗೆ ತಿಳಿಸಲಿಲ್ಲ ಎಂಬ ಕಥೆ ಜಗತ್ತನ್ನೆಲ್ಲ ಸುತ್ತಿತು. ಮನಶ್ಶಾಸ್ತ್ರದ ಪಠ್ಯಪುಸ್ತಕ ಸೇರಿತು. ಗುಂಪು ದೊಡ್ಡದಾದಷ್ಟೂ ನೆರವು ಸಿಗುವುದು ಕಡಿಮೆ ಎಂಬ ಸಿದ್ಧಾಂತಕ್ಕೆ ಆ ಸುದ್ದಿಯೇ ಮೂಲವಾಯಿತು. ಆ ಕಥೆಯನ್ನು ಪ್ರಕಟಿಸಿದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ 2016ರಲ್ಲಿ ತನ್ನ ವರದಿ ದೋಷದಿಂದ ಕೂಡಿತ್ತೆಂದು ಒಪ್ಪಿಕೊಂಡಿತು. ಅಷ್ಟೊಂದು ಜನ ನೋಡಿರಲೇ ಇಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಸೋಫಿಯಾ ಫರಾರ್ ಎಂಬ ನೆರೆಮನೆಯ ಹೆಂಗಸು ಆ ನಡುರಾತ್ರಿ, ಕೊಲೆಗಾರ ಅಲ್ಲೇ ಇದ್ದಾನೋ ಹೋಗಿದ್ದಾನೋ ಎಂಬುದೂ ಗೊತ್ತಿಲ್ಲದೆ, ಮೆಟ್ಟಿಲಿಳಿದು ಓಡಿ ಹೋಗಿ ಕಿಟ್ಟಿಯನ್ನು ತನ್ನ ತೋಳಿನಲ್ಲಿ ಹಿಡಿದುಕೊಂಡಿದ್ದಳು. ಪತ್ರಿಕೆಯ ಕಥೆಯಲ್ಲಿ ಅವಳು ಇರಲಿಲ್ಲ. ಅರ್ಧ ಶತಮಾನ ಕಾಲ ಲೋಕವೆಲ್ಲ ಓದಿದ ಕಥೆಯಲ್ಲಿ, ಓಡಿ ಬಂದವಳೇ ಇರಲಿಲ್ಲ. ಅರಸೀಕೆರೆ ರಸ್ತೆಯ ವಿಡಿಯೋ ನೋಡುವಾಗ ನನಗೆ ನೆನಪಾದದ್ದು ಅವಳೇ.

ಅಭಿಪ್ರಾಯ ಬೇಡ, ಲೆಕ್ಕ ಬೇಕು ಎನ್ನುವವರಿಗೆ ಲೆಕ್ಕವೂ ಇದೆ. ಬ್ರಿಟನ್ನಿನ ಲ್ಯಾಂಕಾಸ್ಟರ್, ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮ್, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಊರುಗಳ ಬೀದಿಗಳಲ್ಲಿ ನಡೆದ 219 ಜಗಳಗಳ ಸಿಸಿಟಿವಿ ಚಿತ್ರಗಳನ್ನು ಸಂಶೋಧಕರು ಕೂತು ನೋಡಿದರು. 2019ರಲ್ಲಿ ಫಲಿತಾಂಶ ಹೊರಬಂತು. ಹತ್ತರಲ್ಲಿ ಒಂಬತ್ತು ಸಲ ಯಾರಾದರೂ ಒಬ್ಬರು ನಡುವೆ ಬಂದು ಬಿಡಿಸಲು ನೋಡಿದ್ದರು. ಸುತ್ತ ಜನ ಹೆಚ್ಚಿದ್ದಷ್ಟೂ ನೆರವು ಸಿಗುವ ಸಾಧ್ಯತೆಯೂ ಹೆಚ್ಚಿತ್ತು. ಗಮನಿಸಬೇಕಾದ್ದು ಏನೆಂದರೆ, ಸಿಸಿಟಿವಿ ಯಾರ ಕೈಯಲ್ಲೂ ಇರುವ ಕ್ಯಾಮೆರಾ ಅಲ್ಲ. ಅದು ಕಂಬದ ಮೇಲಿಂದ ಮೊದಲಿಂದ ಕೊನೆ ತನಕ ಎಲ್ಲವನ್ನೂ ನೋಡುತ್ತದೆ.

ಹಾಗಾದರೆ ಕೊಪ್ಪಳದಲ್ಲಿ ನಡೆದದ್ದು ಏನು ಎಂದು ಕೇಳಬಹುದು. ಕೇಳಲೇಬೇಕು. 2017ರ ಫೆಬ್ರವರಿಯಲ್ಲಿ ಅಲ್ಲಿ ಬಸ್ಸಿಗೆ ಸಿಕ್ಕಿ ಬಿದ್ದ, ಸೈಕಲ್ ಮೇಲಿದ್ದ 18ರ ಹುಡುಗ ನೆತ್ತರಿನ ಮಡುವಿನಲ್ಲಿ ಬೇಡಿಕೊಳ್ಳುತ್ತಿದ್ದ, ಜನ ಚಿತ್ರ ತೆಗೆದರು, ಹುಡುಗ ಉಳಿಯಲಿಲ್ಲ. ಅದು ನಡೆಯಿತು. ಅದನ್ನು ನಾನು ಮುಚ್ಚಿಡುವುದಿಲ್ಲ, ಅಲ್ಲಿ ನಿಂತವರ ಪರ ವಕಾಲತ್ತೂ ವಹಿಸುವುದಿಲ್ಲ. ಆದರೆ ಆ ದಿನದ ನಂತರ ನಾವೆಲ್ಲ ಮಾಡಿದ್ದೇನು? ಇಡೀ ನಾಡಿಗೆ ಶಾಪ ಹಾಕಿದೆವು. ಅಲ್ಲಿ ನಿಂತವರು ಯಾಕೆ ಮುಟ್ಟಲಿಲ್ಲ, ಏನಕ್ಕೆ ಹೆದರಿದರು, ಮುಟ್ಟಿದರೆ ಏನು ಮಾಡಬೇಕೆಂದು ಅವರಿಗೆ ಯಾರಾದರೂ ಎಂದಾದರೂ ಹೇಳಿಕೊಟ್ಟಿದ್ದರೇ, ಇಷ್ಟನ್ನು ಕೇಳಿದವರು ಕಡಿಮೆ. ಶಾಪ ಹಾಕುವುದು ಸುಲಭ, ಅದಕ್ಕೆ ಉತ್ತರ ಹುಡುಕುವ ಕೆಲಸವಿಲ್ಲ.

ಉತ್ತರ ಇತ್ತು. ಆ ಘಟನೆಗೂ ನಾಲ್ಕು ವರ್ಷ ಮೊದಲೇ ಇತ್ತು. ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ 2013ರಲ್ಲಿ ದೇಶದ ಹಲವು ನಗರಗಳಲ್ಲಿ ಜನರನ್ನು ಮಾತಾಡಿಸಿತ್ತು. ಗಾಯಾಳುವನ್ನು ಕಂಡರೆ ನೆರವಿಗೆ ಹೋಗುವುದು ಅನುಮಾನ ಎಂದವರು ಶೇ. 74. ಮಾನವೀಯತೆ ಸತ್ತಿದೆ ಎನ್ನುವವರು ಈ ಸಂಖ್ಯೆಯನ್ನು ಹಿಡಿದು ಕುಣಿಯುತ್ತಾರೆ. ಮುಂದಿನ ಸಾಲನ್ನು ಓದುವುದಿಲ್ಲ. ಹಾಗೆಂದವರಲ್ಲಿ ಶೇ. 88 ಮಂದಿ ಕೊಟ್ಟ ಕಾರಣ ಒಂದೇ: ಪೊಲೀಸರ ವಿಚಾರಣೆ, ಕೋರ್ಟಿಗೆ ಅಲೆದಾಟ. ಕನಿಕರವಿಲ್ಲ ಎಂದು ಅವರು ಹೇಳಲಿಲ್ಲ, ಭಯ ಎಂದರು.

ಆ ಭಯವನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ತೊಂಬತ್ತರ ದಶಕದಲ್ಲಿ ನಮ್ಮ ಚಿಕ್ಕಪ್ಪ, ಲಾರಿ ಗುದ್ದಿ ಹೋಗಿದ್ದ ಒಬ್ಬ ಕೂಲಿಯವನನ್ನು ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದರು. ಪೊಲೀಸ್ ಕೇಸು, ಮೊದಲು ಠಾಣೆಯಿಂದ ಬರಲಿ ಎಂದು ಅಲ್ಲಿ ಮುಟ್ಟಲಿಲ್ಲ. ಠಾಣೆಯಲ್ಲಿ ರಾತ್ರಿ ಹನ್ನೊಂದರ ತನಕ ಕೂರಿಸಿಕೊಂಡರು. ನೀನೇ ಗುದ್ದಿಲ್ಲ ಅನ್ನೋದಕ್ಕೆ ಏನು ಸಾಕ್ಷಿ ಎಂದು ಕೇಳಿದರು. ಗಾಡಿಯ ಎತ್ತುಗಳನ್ನು ಬೀದಿಯಲ್ಲಿ ನೋಡಿದ ಮೇಲೂ ಕೇಳಿದರು. ಕೂಲಿಯವನು ಅಷ್ಟರಲ್ಲಿ ಸತ್ತಿದ್ದ. ಆಮೇಲೆ ಮೂರು ವರ್ಷ ಸಾಕ್ಷಿ ಹೇಳಲು ಸಮನ್ಸು. ಉಳುಮೆಯ ದಿನಗಳಲ್ಲೇ ಬರುತ್ತಿತ್ತು. ಒಂದು ಸಲ ಜಡ್ಜು ರಜೆ, ಒಂದು ಸಲ ವಕೀಲರು ಇಲ್ಲ, ಒಂದು ಸಲ ಕರೆಯಲೇ ಇಲ್ಲ. ಕೊನೆಗೆ ಚಿಕ್ಕಪ್ಪ, “ಇನ್ಮುಂದೆ ಯಾರು ಬಿದ್ದಿದ್ರೂ ನಾನು ನೋಡಿಲ್ಲ ಕಣ್ರಪ್ಪ, ನಮಗ್ಯಾಕೆ ಊರ ಉಸಾಬರಿ” ಎಂದರು. ಕರೆದವರ ಮನೆಯ ಗದ್ದೆಗೆಲ್ಲ ಮುಯ್ಯಿ ಹೋಗುತ್ತಿದ್ದ, ಸತ್ತವರ ಮನೆಗೆ ಮೊದಲು ಸೌದೆ ಒಯ್ಯುತ್ತಿದ್ದ ಮನುಷ್ಯ. ಆ ಮಾತು ಅವರ ಬಾಯಲ್ಲಿ ಬಂದ ದಿನ ಸತ್ತದ್ದು ಅವರ ಕರುಳಲ್ಲ. ಅವರ ಕರುಳಿಗೆ ದಂಡ ಹಾಕಿ ಹಾಕಿ ಅವರನ್ನು ಸುಮ್ಮನಾಗಿಸಲಾಗಿತ್ತು.

1989ರಲ್ಲೇ ಸುಪ್ರೀಂ ಕೋರ್ಟು ಪರಮಾನಂದ ಕಟಾರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತ್ತು. ಅದು ಕೂಡ ಇಂಥದ್ದೇ ಸಾವು: ಸ್ಕೂಟರಿನಿಂದ ಬಿದ್ದವನನ್ನು ಒಂದು ಆಸ್ಪತ್ರೆ ಮುಟ್ಟದೆ, ಪೊಲೀಸ್ ಕೇಸು ನೋಡುವ ಅಧಿಕಾರವಿರುವ 20 ಕಿಲೋಮೀಟರ್ ದೂರದ ಆಸ್ಪತ್ರೆಗೆ ಕಳಿಸಿತ್ತು. ಅವನು ದಾರಿಯಲ್ಲೇ ತೀರಿಕೊಂಡಿದ್ದ. ಸರ್ಕಾರಿ ಇರಲಿ, ಖಾಸಗಿ ಇರಲಿ, ಪ್ರಾಣ ಉಳಿಸುವುದು ಮೊದಲು, ಕಾಗದ ಆಮೇಲೆ ಎಂದು ಕೋರ್ಟು ಹೇಳಿತು. ಚಿಕ್ಕಪ್ಪ ಆಸ್ಪತ್ರೆಯ ಬಾಗಿಲಲ್ಲಿ ಕಾದದ್ದು ಆ ತೀರ್ಪು ಬಂದು ಎಷ್ಟೋ ವರ್ಷ ಕಳೆದ ಮೇಲೆ. ತೀರ್ಪು ದಿಲ್ಲಿಯಲ್ಲಿ ಬಂದಿತ್ತು, ತಾಲ್ಲೂಕಿಗೆ ಬಂದಿರಲಿಲ್ಲ.

ಇದನ್ನು ಬದಲಾಯಿಸಿದವರು ಕಾಲ ಕೆಟ್ಟಿತೆಂದು ಕೊರಗಿದವರಲ್ಲ. ಪಿಯೂಷ್ ತಿವಾರಿ ಎಂಬವರ ಹದಿಹರೆಯದ ಸೋದರ ಸಂಬಂಧಿ 2007ರಲ್ಲಿ ಶಾಲೆಯಿಂದ ಬರುವಾಗ ರಸ್ತೆಯಲ್ಲಿ ನೆರವಿಲ್ಲದೆ ತೀರಿಕೊಂಡ. ಜನರನ್ನು ದ್ವೇಷಿಸಲು ಅವರಿಗಿಂತ ಹೆಚ್ಚಿನ ಕಾರಣ ಯಾರಿಗಿತ್ತು? ಅವರು ಸೇವ್‌ಲೈಫ್ ಕಟ್ಟಿದರು, ಜನ ಯಾಕೆ ನಿಲ್ಲುವುದಿಲ್ಲ ಎಂದು ಕೇಳಿಕೊಂಡು ಹೋದರು, ಉತ್ತರ ಸಿಕ್ಕಿದ ಮೇಲೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2016ರ ಮಾರ್ಚ್ 30ರಂದು ಕೋರ್ಟು, ನೆರವಿಗೆ ಬಂದವರನ್ನು ಕಾಪಾಡುವ ನಿಯಮಗಳನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. ನಮ್ಮ ಕರ್ನಾಟಕ ಅದೇ ವರ್ಷ ತನ್ನದೇ ಮಸೂದೆ ತಂದು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಇಂಥ ಕಾನೂನು ಮಾಡಿದ ಮೊದಲ ರಾಜ್ಯ ನಮ್ಮದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಎಂಬ ಕಲಂ ಸೇರಿತು.

ಈ ಕಾನೂನು, ನಿಯಮಗಳಲ್ಲಿ ಇರುವುದನ್ನು ಸರಳವಾಗಿ ಹೇಳುತ್ತೇನೆ, ದಯವಿಟ್ಟು ಮನೆಯವರಿಗೂ ಓದಿ ಹೇಳಿ. ಗಾಯಾಳುವನ್ನು ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ಆಸ್ಪತ್ರೆಗೆ ಸೇರಿಸಿದವರ ಮೇಲೆ ಆ ಕಾರಣಕ್ಕೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಕೇಸೂ ನಿಲ್ಲುವುದಿಲ್ಲ. ಹೆಸರು, ವಿಳಾಸ, ಫೋನ್ ನಂಬರು ಕೊಡು ಎಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. ಕೊಡುವುದು ಬಿಡುವುದು ನಿಮ್ಮ ಇಷ್ಟ. ಆಸ್ಪತ್ರೆ ನಿಮ್ಮಿಂದ ಮುಂಗಡ ಕೇಳುವಂತಿಲ್ಲ. ಸೇರಿಸಿದ ಮೇಲೆ ನೀವು ಹೊರಟು ಹೋಗಬಹುದು. ಸಾಕ್ಷಿಯಾಗಲು ನೀವಾಗಿಯೇ ಒಪ್ಪಿದರೂ ಪದೇ ಪದೇ ಅಲೆಸಬಾರದು. ಚಿಕ್ಕಪ್ಪ ಬೇಡಿಕೊಂಡಿದ್ದು ಇಷ್ಟನ್ನೇ.

2020ರ ಸೆಪ್ಟೆಂಬರಿನಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಈ ಹಕ್ಕುಗಳನ್ನು ಪ್ರತಿ ಆಸ್ಪತ್ರೆ, ಸರ್ಕಾರಿಯಾದರೂ ಖಾಸಗಿಯಾದರೂ, ಬಾಗಿಲ ಹತ್ತಿರ ಎಲ್ಲರಿಗೂ ಕಾಣುವಂತೆ, ಸ್ಥಳೀಯ ಭಾಷೆಯಲ್ಲೂ ಬರೆದು ಹಾಕಬೇಕು. ನಿಮ್ಮ ಊರಿನ ಆಸ್ಪತ್ರೆಗೆ ಹೋದಾಗ ಒಮ್ಮೆ ತಲೆಯೆತ್ತಿ ಹುಡುಕಿ ನೋಡಿ. ನಾನು ಹೋದ ಆಸ್ಪತ್ರೆಗಳಲ್ಲಿ ಚಪ್ಪಲಿ ಹೊರಗೆ ಬಿಡಿ ಎಂಬ ಬೋರ್ಡು ಕಂಡಿದೆ, ಹಣ ಕಟ್ಟುವ ಕೌಂಟರಿನ ಬಾಣ ಕಂಡಿದೆ. ಇದು ಒಂದೇ ಒಂದು ಕಡೆಯೂ ಕಂಡಿಲ್ಲ. ಸುಪ್ರೀಂ ಕೋರ್ಟಿನ ಆದೇಶ ಬಂದ ಮೇಲೆ, 2018ರಲ್ಲಿ, ಸೇವ್‌ಲೈಫ್ ಸಂಸ್ಥೆ ಮತ್ತೆ ಜನರನ್ನು ಕೇಳಿದಾಗ ಶೇ. 84 ಮಂದಿಗೆ ಇಂಥದ್ದೊಂದು ರಕ್ಷಣೆ ಇದೆ ಎಂಬುದೇ ಗೊತ್ತಿರಲಿಲ್ಲ. ನನ್ನ ಸಿಟ್ಟೆಲ್ಲ ಇಲ್ಲಿ. ‘ಮಾನವೀಯತೆ ಸತ್ತಿದೆ’ ಎಂಬ ಮೂರು ಸೆಕೆಂಡಿನ ಮಾತು ಕೋಟ್ಯಂತರ ಜನರಿಗೆ ತಲುಪಿತು. ‘ನಿನ್ನನ್ನು ಯಾರೂ ಏನೂ ಕೇಳುವಂತಿಲ್ಲ, ಎತ್ತಿಕೊಂಡು ಹೋಗು’ ಎಂಬ ಮೂರು ಸೆಕೆಂಡಿನ ಮಾತು ಯಾರಿಗೂ ತಲುಪಲಿಲ್ಲ. 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ನಮ್ಮ ರಾಜ್ಯದಲ್ಲೇ 11 ಸಾವಿರಕ್ಕೂ ಹೆಚ್ಚು. ಯಾವ ಮಾತನ್ನು ಹಂಚಬೇಕಿತ್ತು, ಯಾವುದನ್ನು ಹಂಚಿದೆವು?

ಕಾಲ ಕೆಟ್ಟಿತೆಂಬ ಈ ಹಲುಬಾಟ ಇನ್ನೊಂದು ಕೆಡುಕನ್ನೂ ಮಾಡುತ್ತದೆ. ಮನುಷ್ಯ ಪಕ್ಕದವನನ್ನು ನೋಡಿ ನಡೆಯುವ ಪ್ರಾಣಿ. ಎಲ್ಲರೂ ಸರತಿಯಲ್ಲಿ ನಿಂತರೆ ನಿಲ್ಲುತ್ತಾನೆ, ನುಗ್ಗಿದರೆ ನುಗ್ಗುತ್ತಾನೆ. ಯಾರೂ ಯಾರಿಗೂ ಆಗುವುದಿಲ್ಲ ಎಂದು ದಿನವೂ ಕೇಳಿ ಬೆಳೆದ ಹುಡುಗನಿಗೆ, ಆಗದಿರುವುದೇ ರೂಢಿ ಎಂದು ತಿಳಿಯುತ್ತದೆ. ಅವನು ಬೈಕು ನಿಲ್ಲಿಸಿದರೆ ತಾನೊಬ್ಬನೇ ಪೆದ್ದ ಎಂದು ನಾಚುತ್ತಾನೆ. ಮುಂದೆ ಹೋದರೆ ಮನಸ್ಸಿಗೆ ಚುಚ್ಚುವುದೂ ಇಲ್ಲ, ಲೋಕವೇ ಹಾಗಿದೆಯಲ್ಲ! ಲೋಕವನ್ನು ಬೈಯುತ್ತಿದ್ದೇವೆ ಎಂದುಕೊಂಡು ನಾವು ಅವನಿಗೆ ಕೊಟ್ಟದ್ದು ಮುಂದೆ ಹೋಗಲು ರಹದಾರಿ.

ಇನ್ನು ಹಿಂದಿನ ಕಾಲದ ಮಾತು. ಹಿಂದೆ ಹೀಗಿರಲಿಲ್ಲ, ಊರಿಗೆ ಊರೇ ಒಂದು ಮನೆಯಂತಿತ್ತು ಎನ್ನುತ್ತಾರೆ. ಮುಯ್ಯಿ ಇತ್ತು, ನಿಜ. ದಾರಿಹೋಕರಿಗೆ ಅರವಟ್ಟಿಗೆ ಇತ್ತು, ಮಲಗಲು ಜಗಲಿ ಇತ್ತು, ಚೊಚ್ಚಲ ಬಾಣಂತಿಗೆ ಊರ ಹೆಂಗಸರೆಲ್ಲ ಇದ್ದರು. ನನ್ನ ಅಜ್ಜಿಯ ಕೈಯಿಂದ ಅಂಥ ಉಪಕಾರ ಕಂಡವರು ಈಗಲೂ ಇದ್ದಾರೆ. ಆದರೆ ಅರವಟ್ಟಿಗೆಯಲ್ಲಿ ಒಬ್ಬನ ಕೈಗೆ ತಂಬಿಗೆ ಕೊಟ್ಟು, ಇನ್ನೊಬ್ಬನ ಬೊಗಸೆಗೆ ಬಿದಿರ ದಬ್ಬೆಯಿಂದ ದೂರ ನಿಂತು ನೀರು ಸುರಿಯುತ್ತಿದ್ದದ್ದು ಯಾಕೆ? ಜಗಲಿಯ ಮೇಲೆ ಯಾರು ಮಲಗಬಹುದಿತ್ತು? ಸಾರ್ವಜನಿಕ ಕೆರೆಯ ನೀರು ಮುಟ್ಟಲು 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರರು ಸಾವಿರಾರು ಜನರನ್ನು ಕಟ್ಟಿಕೊಂಡು ನಡೆಯಬೇಕಾಯಿತು, ಅದಕ್ಕೆ ಅವರ ಜನ ಪೆಟ್ಟೂ ತಿಂದರು. ಆ ಕಾಲದ ಕನಿಕರ ದೊಡ್ಡದೇ, ಆದರೆ ಅದು ಕೇರಿಯ ಗಡಿಯಲ್ಲಿ ನಿಂತುಬಿಡುತ್ತಿತ್ತು. ಅರಸೀಕೆರೆ ರಸ್ತೆಯಲ್ಲಿ ಆ ಹೆಂಗಸು ಹುಡುಗನನ್ನು ಯಾವೂರು ಎಂದು ಕೇಳಿದಳು, ಯಾವ ಜನ ಎಂದು ಕೇಳಲಿಲ್ಲ. ಆಟೋದವನೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಅವನಿಗೆ ಕೊಟ್ಟ ರಕ್ತದ ಚೀಲದ ಮೇಲೆ ಗುಂಪು ಬರೆದಿತ್ತು, ತಾರೀಖು ಬರೆದಿತ್ತು, ಕೊಟ್ಟವರ ಜಾತಿ ಬರೆದಿರಲಿಲ್ಲ. ಯಾರೋ ಎಂದೋ ಕೊಟ್ಟು ಹೋದ ರಕ್ತ. ನನ್ನ ಮುತ್ತಜ್ಜ ಇದನ್ನು ಕಂಡಿದ್ದರೆ ನಂಬುತ್ತಿರಲಿಲ್ಲ. ಕೆಟ್ಟ ಕಾಲ ಎಂದು ಕರೆಯುವ ಮೊದಲು ಇದನ್ನೂ ತಕ್ಕಡಿಗೆ ಹಾಕಿ.

ತಕ್ಕಡಿಗೆ ಹಾಕಬೇಕಾದ್ದು ಇನ್ನೂ ಇದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಉತ್ತರ ಕರ್ನಾಟಕದ ಊರುಗಳಿಂದ ಜೋಳದ ರೊಟ್ಟಿ ಹೊತ್ತ ವಾಹನಗಳು ಹೊರಟವು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ ಎಂಬುದು ಅದನ್ನು ತಟ್ಟಿದ ಹೆಣ್ಣುಮಕ್ಕಳಿಗೆ ಗೊತ್ತಿತ್ತು. ಮರುವರ್ಷ ಅದೇ ತಿಂಗಳು ಕೃಷ್ಣೆ, ಮಲಪ್ರಭೆ ಉಕ್ಕಿ ಆ ಕಡೆಯ ಊರುಗಳೇ ಮುಳುಗಿದಾಗ, ದಕ್ಷಿಣದಿಂದ ಬಟ್ಟೆ, ಅಕ್ಕಿ, ಚಾಪೆ ಹೊತ್ತ ಲಾರಿಗಳು ಹೋದವು. ಆ ಎರಡೂ ವರ್ಷ ಟಿ.ವಿ.ಯಲ್ಲಿ ‘ಮಾನವೀಯತೆ ಸತ್ತಿದೆ’ ಎಂಬ ಮಾತು ನಿಂತಿರಲಿಲ್ಲ.

ನೆಲಮಂಗಲದ ಹತ್ತಿರ 2016ರ ಫೆಬ್ರವರಿಯಲ್ಲಿ ಲಾರಿಗೆ ಸಿಕ್ಕಿ ದೇಹವೇ ಎರಡಾದ ಹರೀಶ್ ಎಂಬ ಯುವಕನನ್ನು ಈ ನಾಡು ಮರೆತಿಲ್ಲ. ಆ ಸ್ಥಿತಿಯಲ್ಲೂ ಅವನು ತನ್ನ ಅಂಗಾಂಗ ದಾನ ಮಾಡಿ ಎಂದು ಕೇಳಿದ. ಅವನ ಕಣ್ಣುಗಳು ಬೇರೆಯವರಿಗೆ ಹೋದವು. ಅವನನ್ನು ಎಲ್ಲರೂ ಕೊಂಡಾಡುತ್ತಾರೆ, ಜೊತೆಗೆ ಅಲ್ಲಿ ಚಿತ್ರ ತೆಗೆದವರನ್ನು ಬೈಯುತ್ತಾರೆ. ನನಗೆ ಬೇರೊಂದು ಯೋಚನೆ ಬರುತ್ತದೆ. ಆ ಗದ್ದಲದಲ್ಲಿ ಅವನ ಕೊನೆಯ ಮಾತು ಕೇಳಿಸಬೇಕಾದರೆ ಯಾರೋ ಅವನ ಬಾಯಿಯ ಹತ್ತಿರ ಕಿವಿ ಕೊಟ್ಟಿರಬೇಕು. ಕೇಳಿದ್ದನ್ನು ಮರೆಯದೆ ವೈದ್ಯರ ತನಕ ಮುಟ್ಟಿಸಿರಬೇಕು. ಹಾಗಾಗಿಯೇ ಆ ಕಣ್ಣುಗಳು ಉಳಿದವು. ರಾಜ್ಯ ಸರ್ಕಾರ ಮುಂದಿನ ತಿಂಗಳೇ ಅವನ ಹೆಸರಿನಲ್ಲಿ ಸಾಂತ್ವನ ಯೋಜನೆ ಶುರು ಮಾಡಿ, ಅಪಘಾತವಾದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿ ತನಕ ತಾನೇ ಭರಿಸುವುದಾಗಿ ಹೇಳಿತು. ನೊಂದ ಸಮಾಜ ಮಾಡಬೇಕಾದ ಕೆಲಸ ಇಂಥದ್ದು.

ಇನ್ನೂ ಆಗಬೇಕಾದ್ದು ಬೇಕಾದಷ್ಟಿದೆ. ರಕ್ತ ಸೋರುವ ಜಾಗಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡಿಯಬೇಕು, ಪದೇ ಪದೇ ತೆಗೆದು ನೋಡಬಾರದು, ಪ್ರಜ್ಞೆ ಇಲ್ಲದವನ ಬಾಯಿಗೆ ನೀರು ಹಾಕಬಾರದು, ಕತ್ತು ಅಲುಗಿಸಬಾರದು. ಇದನ್ನು ಹೇಳಿಕೊಡಲು ಒಂದು ಪೀರಿಯಡ್ ಸಾಕು. ಹತ್ತು ವರ್ಷ ಶಾಲೆಯಲ್ಲಿ ಕೂತ ನನಗೆ ಇದು ಗೊತ್ತಿರಲಿಲ್ಲ, ಎಳನೀರು ಮಾರುವವಳಿಗೆ ಗೊತ್ತಿತ್ತು. ಎಲ್ಲಿ ಕಲಿತೆ ಎಂದು ಆಮೇಲೆ ಕೇಳಿದೆ.

ಆಮೇಲೆ ಎಂದರೆ ಮೂರು ವಾರದ ನಂತರ. ಅದೇ ದಾರಿಯಲ್ಲಿ ಬರುವಾಗ ಹೊಸ ಟವೆಲೊಂದನ್ನು ತೆಗೆದುಕೊಂಡು ನಿಲ್ಲಿಸಿದೆ. “ಆ ಹುಡ್ಗ ಏನಾದ?” ಎಂದು ಮೊದಲು ಕೇಳಿದಳು. ಕಾಲಿಗೆ ರಾಡು ಹಾಕಿದ್ದಾರೆ, ಮನೆಯಲ್ಲಿದ್ದಾನೆ ಎಂದೆ. ಕಲಿತದ್ದೆಲ್ಲಿ ಎಂದರೆ, “ಮಚ್ಚಿನ ಕೆಲ್ಸ ಅಣ್ಣ ನಮ್ದು, ಎಷ್ಟು ಸಲ ಕೈ ಕುಯ್ಕಂಡಿಲ್ಲ” ಎಂದಳು. ಮಾತಿಗೆ ಮಾತು ಬಂದು ಆ ವಿಡಿಯೋದ ವಿಷಯ ಹೇಳಿದೆ. ಅವಳ ಮಗನ ಮೊಬೈಲಿಗೂ ಬಂದಿತ್ತಂತೆ. ಅಲ್ಲೇ ಕೂತಿದ್ದ ಮಗ ಹುಡುಕಿ ತೆಗೆದ. ಮೂವರೂ ಬಗ್ಗಿ ನೋಡಿದೆವು. ಬೆನ್ನುಗಳು, ಚಕ್ರ, ಕೆಳಗೆ ಆ ಸಾಲು. ಮಗ ಓದಿ ಹೇಳಿದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮೊಬೈಲು ಇಸಕೊಂಡು, ಇನ್ನೊಂದು ಸಲ ಹತ್ತಿರದಿಂದ ನೋಡಿದಳು.

“ಇದ್ರಾಗೆ ನಾನೇ ಇಲ್ವಲ್ಲ ಮಗ” ಎಂದಳು.